ಬನಹಟ್ಟಿಯ ಗೋಡೆಗೆ ಬರ್ಲಿನ್ನಿನ ನೇಕಾರರು

2024ರಲ್ಲಿ ಕಲಾಲೋಕದಲ್ಲಿ ಎರಡು ಪ್ರದರ್ಶನಗಳು ಜೋರಾಗಿ ಸುದ್ದಿ ಮಾಡಿದವು. ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕಾಂಡಿನ್‌ಸ್ಕಿ, ಗೇಬ್ರಿಯೆಲೆ ಮ್ಯುಂಟರ್ ಮತ್ತು ಅವರ ‘ಬ್ಲೂ ರೈಡರ್’ ಗುಂಪಿನ ಗೆಳೆಯರ ಚಿತ್ರಗಳನ್ನು ತೋರಿಸಿತು. ನ್ಯೂಯಾರ್ಕಿನ ಮೋಮಾ ಮ್ಯೂಸಿಯಂ ಮಾರ್ಚ್ ಕೊನೆಯಿಂದ ಜುಲೈವರೆಗೆ ಜರ್ಮನಿಯ ಕೇಥೆ ಕೊಲ್ವಿಟ್ಸ್ ಅವರ ಚಿತ್ರ, ಮುದ್ರಣ, ಶಿಲ್ಪಗಳನ್ನು ಒಟ್ಟಿಗೆ ಇಟ್ಟಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಲಾ ವಿದ್ಯಾರ್ಥಿಗಳಿಗೆ ಇವು ಸಿಕ್ಕಿದ್ದು ಮೊಬೈಲಿನಲ್ಲಿ, ಎರಡು ಇಂಚಿನ ಚಿತ್ರಗಳಾಗಿ. ಇಂಥದ್ದೆಲ್ಲ ನಮ್ಮ ಕಡೆ ಎಲ್ಲಿ ಬರಬೇಕು ಎಂಬ ಮಾತು ಆಗ ಎದ್ದೇ ಏಳುತ್ತದೆ.

ಈ ದೂರಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧ ನಾವು ಸರಿಯಾಗಿ ಯೋಚಿಸದೆ ಹೇಳುವ ಮಾತು. ಒಳ್ಳೆಯ ಪ್ರತಿಗಳನ್ನಿಟ್ಟು ಇಂಥ ಪ್ರದರ್ಶನವನ್ನು ಬನಹಟ್ಟಿಯಂಥ ನೇಕಾರರ ಊರಲ್ಲೇ ಮಾಡಬಹುದು ಎಂಬುದು ನನ್ನ ವಾದ.

ಮೊದಲು ನಿಜ ಇರುವ ಭಾಗ ನೋಡೋಣ. ಹೆಸರಾಂತ ಮ್ಯೂಸಿಯಂ ಒಂದು ತನ್ನ ಚಿತ್ರವನ್ನು ಬೇರೆ ಊರಿಗೆ ಕಳಿಸಬೇಕಾದರೆ ವಿಮೆ ಕೇಳುತ್ತದೆ, ಕಾವಲು ಕೇಳುತ್ತದೆ. ಹಗಲು ರಾತ್ರಿ ಒಂದೇ ಉಷ್ಣತೆ, ಒಂದೇ ತೇವಾಂಶ ಇರಬೇಕು ಅನ್ನುತ್ತದೆ. ಕಾಗದದ ಮೇಲಿನ ಕೆಲಸಕ್ಕೆ ಬೆಳಕು ಸುಮಾರು 50 ಲಕ್ಸ್ ದಾಟಬಾರದು. ಅಂದರೆ ನಮ್ಮ ಮನೆಯ ಪಡಸಾಲೆಯ ಟ್ಯೂಬ್‌ಲೈಟೂ ಅದಕ್ಕೆ ಜಾಸ್ತಿ. ವಿಜಯಪುರದ ಏಪ್ರಿಲ್ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಅಲ್ಲಿಗೆ ಯಾರು ಅಸಲಿ ಚಿತ್ರ ಕಳಿಸುತ್ತಾರೆ?

ನಮ್ಮಲ್ಲಿ ಮ್ಯೂಸಿಯಂಗಳೇ ಇಲ್ಲ ಎಂದೇನೂ ಅಲ್ಲ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ಸಂಗ್ರಹಾಲಯ 1892ರಲ್ಲೇ ಶುರುವಾದದ್ದು. ಬಾದಾಮಿ, ಐಹೊಳೆಯಲ್ಲಿ ಶಿಲ್ಪಗಳ ಸಂಗ್ರಹಾಲಯಗಳಿವೆ. ಆದರೆ ಮೂರೂ ಪುರಾತತ್ವ ಇಲಾಖೆಯ ಕೈಯಲ್ಲಿವೆ. ಆಯಾ ಜಾಗದಲ್ಲಿ ಸಿಕ್ಕದ್ದನ್ನು ಕಾಪಾಡಿ ತೋರಿಸುವುದು ಅವುಗಳ ಕೆಲಸ. ಹೊಸ ಕಾಲದ ಕಲೆಗೆ ಅಲ್ಲಿ ಕೋಣೆಯೂ ಇಲ್ಲ, ಅದಕ್ಕಾಗಿ ನೇಮಿಸಿದ ಮನುಷ್ಯನೂ ಇಲ್ಲ. ಜಿಲ್ಲಾ ರಂಗಮಂದಿರಗಳು ನಾಟಕಕ್ಕೆ, ಸನ್ಮಾನಕ್ಕೆ ಕಟ್ಟಿದವು. ಅಲ್ಲಿ ಚಿತ್ರ ಹಾಕಬೇಕೆಂದರೆ ಹೊರಗಿನ ಪಡಸಾಲೆಯಲ್ಲಿ, ಊಟದ ಕೌಂಟರ್ ಪಕ್ಕ.

ಇನ್ನು ದೊಡ್ಡ ನಗರಗಳಲ್ಲಿ ಈಗ ಒಂದು ಹೊಸ ಆಟ ನಡೆದಿದೆ. ವ್ಯಾನ್ ಗೋ ಚಿತ್ರಗಳನ್ನು ನಾಲ್ಕೂ ಗೋಡೆಗೆ, ನೆಲಕ್ಕೆ ಪ್ರೊಜೆಕ್ಟರ್‌ನಿಂದ ಬಿಟ್ಟು, ಸಂಗೀತ ಹಾಕಿ, ಟಿಕೆಟ್ ಮಾರುವುದು. ಮುಂಬಯಿ, ಬೆಂಗಳೂರಿನಲ್ಲಿ ಇಂಥ ಪ್ರದರ್ಶನಕ್ಕೆ ಜನ ಮುಗಿಬಿದ್ದರು. ನಾಳೆ ಹುಬ್ಬಳ್ಳಿಗೋ ಬೆಳಗಾವಿಯ ಯಾವುದಾದರೂ ಮಾಲ್‌ಗೋ ಬಂದರೆ ಆಶ್ಚರ್ಯವಿಲ್ಲ. ಸೆಲ್ಫಿಗೆ ಚಂದ. ಆದರೆ ಮಾರು ಅಗಲದ ಚಿತ್ರವೂ ಇಲ್ಲದ ಕಲಾವಿದನನ್ನು ಇಪ್ಪತ್ತು ಅಡಿಗೆ ಹಿಗ್ಗಿಸಿದರೆ ಅವನ ಕೈ ಎಲ್ಲಿ ನಿಂತಿತು, ಎಲ್ಲಿ ಒತ್ತಿತು ಅನ್ನುವುದೇ ಕಾಣುವುದಿಲ್ಲ. ನನಗಂತೂ ಇದು ಕಲಾಪ್ರದರ್ಶನ ಅನ್ನಿಸಿಲ್ಲ.

ಈಗ ನಾವು ಯೋಚಿಸದ ಭಾಗಕ್ಕೆ ಬರೋಣ. ಎಕ್ಸ್‌ಪ್ರೆಷನಿಸ್ಟ್ ಮುದ್ರಣಚಿತ್ರ, ಮೂಕಿ ಸಿನಿಮಾ, ಕಂಚಿನ ಶಿಲ್ಪ. ಈ ಮೂರರಲ್ಲೂ ಒಂದು ಸಾಮ್ಯ ಇದೆ. ಮೂರೂ ಹುಟ್ಟುವುದೇ ಒಂದಕ್ಕಿಂತ ಹೆಚ್ಚಾಗಲು. ಮರದ ಹಲಗೆ ಕೆತ್ತಿ ಮಸಿ ಬಳಿದು ಒತ್ತಿದರೆ ಒಂದು ಪ್ರತಿ, ಮತ್ತೆ ಒತ್ತಿದರೆ ಇನ್ನೊಂದು. ಸಿನಿಮಾಕ್ಕೆ ನೆಗೆಟಿವ್ ಇದೆ, ಕಂಚಿಗೆ ಅಚ್ಚು ಇದೆ. ಮೋನಾಲಿಸಾ ಬಾಗಲಕೋಟೆಗೆ ಬರುವುದಿಲ್ಲ, ಬಿಡಿ. ಆದರೆ ಈ ಕಲೆಗಳನ್ನು ಪ್ರತಿಯ ರೂಪದಲ್ಲಿ ತೋರಿಸಿದರೆ ಅದು ಮೋಸವಲ್ಲ. ಪ್ರತಿ ಎಂದು ಬರೆದು ತೋರಿಸಬೇಕು, ಅಷ್ಟೇ.

ಎಕ್ಸ್‌ಪ್ರೆಷನಿಸಂ ಎಂದರೇನು ಎಂದು ಕೇಳುವವರಿಗೆ ಎರಡು ಮಾತು. 1905ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕಟ್ಟಡವಿನ್ಯಾಸ ಓದುತ್ತಿದ್ದ ನಾಲ್ಕು ಹುಡುಗರು ‘ಸೇತುವೆ’ ಎಂಬ ಗುಂಪು ಕಟ್ಟಿದರು. ಕಿರ್ಶ್ನರ್, ಹೆಕೆಲ್, ಶ್ಮಿಟ್-ರೊಟ್ಲುಫ್, ಬ್ಲೈಲ್. ಕಣ್ಣಿಗೆ ಕಂಡಂತೆ ಬರೆಯುವುದರಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಒಳಗಿನ ದಿಗಿಲು, ಸಿಟ್ಟು, ಆಸೆಯನ್ನು ಬಣ್ಣಕ್ಕೂ ಗೆರೆಗೂ ತರಬೇಕಿತ್ತು. ಮುಖ ಹಸಿರಾಗಬಹುದು, ಬೀದಿ ವಾಲಬಹುದು. 1920ರ ಫೆಬ್ರುವರಿಯಲ್ಲಿ ಬರ್ಲಿನ್ನಿನಲ್ಲಿ ತೆರೆ ಕಂಡ ‘ಡಾಕ್ಟರ್ ಕ್ಯಾಲಿಗರಿ’ ಮೂಕಿ ಚಿತ್ರ ಇದನ್ನೇ ಸಿನಿಮಾಕ್ಕೆ ತಂದಿತು. ಹೆರ್ಮಾನ್ ವಾರ್ಮ್, ವಾಲ್ಟರ್ ರೈಮಾನ್, ವಾಲ್ಟರ್ ರೋರಿಗ್ ಎಂಬ ಮೂವರು ಅದಕ್ಕೆ ವಾಲಿದ ಮನೆ, ಚೂಪು ಕಿಟಕಿ ಬರೆದುಕೊಟ್ಟರು. ನೆರಳನ್ನೂ ಬಣ್ಣದಲ್ಲೇ ಬರೆದರು.

ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅರಮನೆ ಪರದೆ ಇಳಿಯಿತು ಎಂದರೆ ಅರಮನೆ, ಕಾಡಿನ ಪರದೆ ಇಳಿಯಿತು ಎಂದರೆ ಕಾಡು. ಬರೆದ ಪರದೆ ನಿಜವಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಅಳು ಬರುತ್ತದೆ. ಕ್ಯಾಲಿಗರಿ ಚಿತ್ರವನ್ನು ಇಂಥ ಪ್ರೇಕ್ಷಕರ ಮುಂದೆ ಹಾಕಿದರೆ, ಕಾಲೇಜಿನಲ್ಲಿ ಅದರ ಬಗ್ಗೆ ಓದಿದವರಿಗಿಂತ ಬೇಗ ಅವರಿಗೆ ದಕ್ಕುತ್ತದೆ ಎಂದು ನನ್ನ ಅಂದಾಜು.

ನಮ್ಮ ಜಿಲ್ಲೆಗಳಿಗೆ ಹೇಳಿ ಮಾಡಿಸಿದಂಥ ಒಂದು ಚಿತ್ರಮಾಲೆ ಇದೆ. ಕೇಥೆ ಕೊಲ್ವಿಟ್ಸ್ 1893ರಿಂದ 1897ರವರೆಗೆ ಮಾಡಿದ ‘ನೇಕಾರರ ದಂಗೆ’. ಒಟ್ಟು ಆರು ಹಾಳೆ. ಮೂರು ಕಲ್ಲಚ್ಚು, ಮೂರು ಎಚಿಂಗ್, ಅಂದರೆ ಲೋಹದ ತಗಡನ್ನು ಆಮ್ಲದಿಂದ ಕೊರೆದು ಒತ್ತಿದ ಚಿತ್ರ.

ಅದರ ಹಿಂದಿನ ಕಥೆ ಇಷ್ಟು. 1844ರ ಜೂನ್. ಆಗ ಪ್ರಷ್ಯಾ ರಾಜ್ಯದಲ್ಲಿದ್ದ ಸಿಲೇಷಿಯಾದ ಎರಡು ಹಳ್ಳಿಗಳಲ್ಲಿ ಕೈಮಗ್ಗದ ನೇಕಾರರು ಎದ್ದು ನಿಂತರು. ನೂಲು ಕೊಟ್ಟು ಬಟ್ಟೆ ಕೊಳ್ಳುತ್ತಿದ್ದ ಸಾಹುಕಾರರು ಮಜೂರಿಯನ್ನು ಇಳಿಸುತ್ತಲೇ ಹೋಗಿದ್ದರು. ಇಂಗ್ಲೆಂಡಿನ ಯಂತ್ರದ ಬಟ್ಟೆ ಅಗ್ಗಕ್ಕೆ ಬಂದಿತ್ತು. ನೇಕಾರರು ಸಾಹುಕಾರರ ಮನೆಗೆ ನುಗ್ಗಿದರು, ಸೈನ್ಯ ಗುಂಡು ಹಾರಿಸಿತು, ಹನ್ನೊಂದು ಮಂದಿ ಸತ್ತರು. ಸುಮಾರು ಐವತ್ತು ವರ್ಷದ ನಂತರ ಗೆರ್ಹಾರ್ಟ್ ಹಾಪ್ಟ್‌ಮನ್ ಅದನ್ನು ನಾಟಕ ಮಾಡಿದ. ಮೊದಲು ಬರೆದದ್ದು ಸಿಲೇಷಿಯಾದ ಆಡುಭಾಷೆಯಲ್ಲಿ. ಪೊಲೀಸರು ಸಾರ್ವಜನಿಕ ಪ್ರದರ್ಶನಕ್ಕೆ ತಡೆ ಹಾಕಿದ್ದರಿಂದ 1893ರಲ್ಲಿ ಒಂದು ಸಂಘದ ಸದಸ್ಯರಿಗಷ್ಟೇ ಆಡಿ ತೋರಿಸಿದರು. ನೋಡಿದವರಲ್ಲಿ ಕೊಲ್ವಿಟ್ಸ್ ಒಬ್ಬರು. ಕೈಯಲ್ಲಿದ್ದ ಬೇರೆ ಕೆಲಸ ಬಿಟ್ಟು ಇದಕ್ಕೆ ಕೂತರು.

ಮೊದಲ ಹಾಳೆಯಲ್ಲಿ ಇಕ್ಕಟ್ಟಾದ ಮನೆ. ಹಾಸಿಗೆಯಲ್ಲಿ ಸೊರಗಿದ ಕೂಸು, ತಲೆ ಹಿಡಿದು ಬಾಗಿದ ತಾಯಿ, ಹಿಂದೆ ಕತ್ತಲಲ್ಲಿ ಮಗ್ಗ. ಎರಡನೆಯದರಲ್ಲಿ ಸಾವು ಅಸ್ಥಿಪಂಜರವಾಗಿ ಬಂದು ತಾಯಿಯತ್ತ ಕೈ ಚಾಚುತ್ತದೆ. ಮೂರನೆಯದು ಮೇಜಿನ ಸುತ್ತ ಗಂಡಸರ ಪಿಸುಮಾತು. ನಾಲ್ಕನೆಯದರಲ್ಲಿ ಮೆರವಣಿಗೆ. ಗಂಡಸರ ಕೈಯಲ್ಲಿ ಕೊಡಲಿ. ಅವರ ನಡುವೆ ಒಬ್ಬಳು ಹೆಂಗಸು, ಬೆನ್ನ ಮೇಲೆ ನಿದ್ದೆಹೋದ ಮಗು. ಐದನೆಯದರಲ್ಲಿ ಸಾಹುಕಾರನ ಚಿತ್ತಾರದ ಗೇಟಿನ ಮುಂದೆ ಜನ, ಹೆಂಗಸರು ನೆಲದ ಕಲ್ಲು ಕೀಳುತ್ತಿದ್ದಾರೆ. ಆರನೆಯದರಲ್ಲಿ ಹೆಣಗಳನ್ನು ಅದೇ ಮಗ್ಗದ ಮನೆಗೆ ತಂದು ಮಲಗಿಸುತ್ತಿದ್ದಾರೆ. 1898ರ ಬರ್ಲಿನ್ ಪ್ರದರ್ಶನದಲ್ಲಿ ತೀರ್ಪುಗಾರರು ಇದಕ್ಕೆ ಪದಕ ಕೊಡಬೇಕೆಂದರು. ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್ ಒಪ್ಪಲಿಲ್ಲ.

ರಬಕವಿ-ಬನಹಟ್ಟಿ, ಗುಳೇದಗುಡ್ಡ, ಇಳಕಲ್, ಬೆಳಗಾವಿಯ ವಡಗಾವಿ, ಖಾಸಬಾಗ. ಈ ಊರುಗಳಲ್ಲಿ ಮಜೂರಿ ನೇಕಾರ ಎಂದರೆ ಯಾರು ಎಂದು ಅಡಿಟಿಪ್ಪಣಿ ಹಾಕಿ ಹೇಳಬೇಕಾಗಿಲ್ಲ. ನೂಲು ಮಾಲಕರದ್ದು, ಮೈಮುರಿತ ಇವರದ್ದು. ಯಂತ್ರದ ಸೀರೆ ಬಂದು ಕೈಮಗ್ಗ ಸೋತದ್ದು, ಸಾಲ ಏರಿದ್ದು ಇಲ್ಲಿ ಮನೆಮನೆಯ ಮಾತು. ಮೊದಲ ಹಾಳೆಯ ಮುಂದೆ ನಿಂತವರು ಕಲಾವಿದೆಯ ಹೆಸರು ಕೇಳುವುದಕ್ಕೆ ಮುಂಚೆ ‘ಇದು ಯಾವ ಮಗ್ಗರೀ, ಕುಣಿ ಮಗ್ಗ ಅಲ್ಲಲ್ಲ’ ಎಂದೇ ಕೇಳಿಯಾರು. ಪ್ರದರ್ಶನಕ್ಕೆ ಅದಕ್ಕಿಂತ ಒಳ್ಳೆಯ ಶುರುವಾತು ಬೇಕೇ? ಮೋಮಾದಲ್ಲಿ ಹಾಗೆ ಕೇಳುವ ಪ್ರೇಕ್ಷಕ ಎಷ್ಟು ಜನ ಇದ್ದಾರು?

ಕೊಲ್ವಿಟ್ಸ್ ಅವರನ್ನು ಎಕ್ಸ್‌ಪ್ರೆಷನಿಸ್ಟ್ ಎನ್ನಬಹುದೇ ಎಂದು ಪಂಡಿತರು ತಕರಾರು ತೆಗೆಯುತ್ತಾರೆ. ತಕರಾರು ಸರಿಯೇ. ನೇಕಾರರ ಮಾಲೆ ವಾಸ್ತವದ ಕಡೆಗೇ ವಾಲಿದೆ. 1920ರಲ್ಲಿ ಶಿಲ್ಪಿ ಅರ್ನ್ಸ್ಟ್ ಬಾರ್ಲಾಖ್‌ನ ಮರಗೆತ್ತನೆ ಮುದ್ರಣಗಳನ್ನು ನೋಡಿದ ಮೇಲೆ ಅವರೂ ಉಳಿ ಹಿಡಿದರು. ಆಮೇಲೆ ಬಂದ ‘ಯುದ್ಧ’ ಎಂಬ ಏಳು ಮುದ್ರಣಗಳಲ್ಲಿ ಬಿಳಿ-ಕಪ್ಪಿನ ಏಟು ನೋಡಿದರೆ ಎಕ್ಸ್‌ಪ್ರೆಷನಿಸಂ ಹತ್ತಿರ ಇರುವುದು ಕಾಣುತ್ತದೆ. ಎರಡೂ ಮಾಲೆಗಳನ್ನು ಎದುರುಬದುರು ಗೋಡೆಗೆ ಹಾಕಿದರೆ ಪಂಡಿತರ ಜಗಳ ಪ್ರೇಕ್ಷಕರಿಗೂ ಅರ್ಥವಾಗುತ್ತದೆ.

ಕೊಲ್ವಿಟ್ಸ್ ತೀರಿಕೊಂಡದ್ದು 1945ರಲ್ಲಿ. ನಮ್ಮ ಕಾನೂನಿನಲ್ಲಿ ಕಲಾವಿದರ ಸಾವಿನ ನಂತರ 60 ವರ್ಷ ಹಕ್ಕುಸ್ವಾಮ್ಯ. ಅದು ಮುಗಿದಿದೆ. ಕಿರ್ಶ್ನರ್, ಬಾರ್ಲಾಖ್ ಇಬ್ಬರೂ 1938ರಲ್ಲಿ, ಚಿತ್ರಕಾರ ಪೌಲ್ ಕ್ಲೀ 1940ರಲ್ಲಿ, ಕಾಂಡಿನ್‌ಸ್ಕಿ 1944ರಲ್ಲಿ ಹೋದವರು. ಇವರ ಕೆಲಸಗಳ ಒಳ್ಳೆಯ ಡಿಜಿಟಲ್ ಪ್ರತಿಗಳನ್ನು ಹಲವು ಮ್ಯೂಸಿಯಂಗಳು ತಾವಾಗಿಯೇ ಬಿಟ್ಟಿವೆ. ನೇಕಾರರ ಹಾಳೆಗಳು ಚಿಕ್ಕವು. ಮೆರವಣಿಗೆಯ ಹಾಳೆ ಎ4 ಕಾಗದದ ಆಸುಪಾಸು. ಅದೇ ಅಳತೆಯಲ್ಲಿ, ಮಿಂಚದ ದಪ್ಪ ಕಾಗದದ ಮೇಲೆ ಮುದ್ರಿಸಿ ಚೌಕಟ್ಟು ಹಾಕಿದರೆ ಸಾಕು. ಒಂದೇ ಬಿನ್ನಹ. ದಯವಿಟ್ಟು ಫ್ಲೆಕ್ಸ್ ಮಾಡಿಸಬೇಡಿ. ನಮ್ಮಲ್ಲಿ ಬರ್ತ್‌ಡೇಗೂ ಫ್ಲೆಕ್ಸ್, ಶ್ರದ್ಧಾಂಜಲಿಗೂ ಫ್ಲೆಕ್ಸ್. ಸೊರಗಿದ ಕೂಸನ್ನು ಹತ್ತು ಅಡಿಗೆ ಎಳೆದು ಹೊಳಪು ಕೊಟ್ಟರೆ ಕೊಲ್ವಿಟ್ಸ್ ಉಳಿಯುವುದಿಲ್ಲ.

ಸಿನಿಮಾದ ಕಡೆಗೆ ಬಂದರೆ ನಸೀಬು ಇನ್ನೂ ಚೆನ್ನಾಗಿದೆ. ಹಾಪ್ಟ್‌ಮನ್ ನಾಟಕವನ್ನೇ 1927ರಲ್ಲಿ ಫ್ರೀಡ್ರಿಶ್ ಝೆಲ್ನಿಕ್ ಮೂಕಿ ಚಿತ್ರ ಮಾಡಿದ. ಹೆಸರು ‘ನೇಕಾರರು’. ನಡುನಡುವೆ ಬರುವ ಬರಹದ ಫಲಕಗಳಿಗೆ ಅಕ್ಷರ ಬರೆದದ್ದು ಜಾರ್ಜ್ ಗ್ರೋಸ್, ಬರ್ಲಿನ್ನಿನ ಶ್ರೀಮಂತರನ್ನು ಚಿತ್ರದಲ್ಲಿ ಹಿಗ್ಗಾಮುಗ್ಗಾ ಜಾಡಿಸಿದ ಕಲಾವಿದ. ಪಾತ್ರಗಳ ಸಿಟ್ಟು ಏರಿದಂತೆ ಅಕ್ಷರವೂ ಒರಟಾಗುತ್ತದೆ. ಗೋಡೆಯ ಮೇಲೆ ಆರು ಹಾಳೆ, ಪಕ್ಕದ ಕೋಣೆಯಲ್ಲಿ ಅದೇ ಕಥೆಯ ಸಿನಿಮಾ. ಚಿತ್ರದ ಹಕ್ಕು ಮುಗಿದಿದ್ದರೂ, ದುರಸ್ತಿ ಮಾಡಿದ ಪ್ರತಿಗೂ ಅದಕ್ಕೆ ಕೂಡಿಸಿದ ಹೊಸ ಸಂಗೀತಕ್ಕೂ ಬೇರೆ ಒಡೆಯರಿರುತ್ತಾರೆ. ಆದ್ದರಿಂದ ಎಲ್ಲಿಂದಲೋ ಇಳಿಸಿಕೊಂಡು ಹಾಕದೆ ಕೇಳಿ ತರಿಸುವುದು ಒಳ್ಳೆಯದು. ಪುಣೆ, ಮುಂಬಯಿ, ಬೆಂಗಳೂರಿನಲ್ಲಿರುವ ಜರ್ಮನ್ ಸಂಸ್ಕೃತಿ ಕೇಂದ್ರಗಳಾದ ಮ್ಯಾಕ್ಸ್ ಮುಲ್ಲರ್ ಭವನಗಳು ಇಂಥ ಪತ್ರ ಬರೆಯಲು ಸರಿಯಾದ ಜಾಗ.

ಮೂಕಿ ಚಿತ್ರ ತೋರಿಸುವಾಗ ಎರಡು ತಪ್ಪು ಸಾಮಾನ್ಯ. ಒಂದು, ಓಟದ ವೇಗ. ಅವನ್ನು ಸೆಕೆಂಡಿಗೆ 16ರಿಂದ 24 ಚೌಕಟ್ಟಿನವರೆಗೆ ಬೇರೆ ಬೇರೆ ವೇಗದಲ್ಲಿ ತೆಗೆಯುತ್ತಿದ್ದರು. ಎಲ್ಲವನ್ನೂ 24ಕ್ಕೆ ಓಡಿಸಿದರೆ ಜನ ಕುಪ್ಪಳಿಸುತ್ತ ನಡೆಯುತ್ತಾರೆ, ದುಃಖದ ದೃಶ್ಯಕ್ಕೂ ನಗು ಬರುತ್ತದೆ. ಎರಡು, ಶಬ್ದವೇ ಇಲ್ಲದೆ ತೋರಿಸುವುದು. ಮೂಕಿ ಚಿತ್ರಗಳ ಕಾಲದಲ್ಲಿ ಥಿಯೇಟರ್ ಯಾವತ್ತೂ ಮೂಕವಾಗಿರಲಿಲ್ಲ. ನಮ್ಮ ದೇಶದಲ್ಲಿ ಹಾರ್ಮೋನಿಯಂ, ತಬಲಾ ಇರುತ್ತಿದ್ದವು. ಫಲಕದ ಬರಹವನ್ನು ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುವವರಿದ್ದರು. ಶ್ರೀಕೃಷ್ಣ ಪಾರಿಜಾತದ ಮೇಳಗಳಿರುವ ಈ ಸೀಮೆಯಲ್ಲಿ ಒಬ್ಬ ಪೇಟಿ ಮಾಸ್ತರ, ಒಬ್ಬ ತಬಲಜಿ, ಗ್ರೋಸ್ ಬರೆದ ಫಲಕವನ್ನು ಕನ್ನಡದಲ್ಲಿ ಎದೆ ತುಂಬಿ ಓದುವ ಒಬ್ಬ ಕಲಾವಿದ ಸಿಗದೆ ಇರುತ್ತಾರೆಯೇ?

ಮೂಕಿ ಚಿತ್ರ ಎಂದರೆ ದೂರದ ಬರ್ಲಿನ್ ಮಾತ್ರ ಅಲ್ಲ. ಬೆಳಗಾವಿಯಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ಕೊಲ್ಲಾಪುರದಲ್ಲಿ ಬಾಬುರಾವ್ ಪೇಂಟರ್ ಇದ್ದರು. ನಾಟಕ ಕಂಪನಿಗಳಿಗೆ ಪರದೆ ಬರೆದವರು, ಶಿಲ್ಪ ಮಾಡಿದವರು, ಸಿನಿಮಾ ಕ್ಯಾಮೆರಾವನ್ನೇ ಸಂಗಡಿಗರ ಜೊತೆ ಸ್ವತಃ ಕಟ್ಟಿಕೊಂಡವರು. ಅವರ ‘ಸೈರಂಧ್ರಿ’ 1920ರದ್ದು, ಕ್ಯಾಲಿಗರಿ ಬಂದ ವರ್ಷ. 1925ರ ‘ಸಾವಕಾರಿ ಪಾಶ್’ ಸಾಹುಕಾರನ ಸಾಲಕ್ಕೆ ಹೊಲ ಕಳಕೊಂಡು ಪಟ್ಟಣದ ಗಿರಣಿ ಸೇರುವ ರೈತನ ಕಥೆ. ರೈತನಾಗಿ ನಟಿಸಿದ್ದು ಆಗಿನ್ನೂ ತರುಣನಾಗಿದ್ದ ವಿ. ಶಾಂತಾರಾಮ್. ನೇಕಾರರ ಜೊತೆ ತೋರಿಸಲು ಇದಕ್ಕಿಂತ ಹೊಂದುವ ಚಿತ್ರ ಇಲ್ಲ. ಆದರೆ ಆ ಮೂಕಿ ಚಿತ್ರ ಇವತ್ತು ನೋಡಲು ಸಿಗುವುದಿಲ್ಲ. ಭಾರತದಲ್ಲಿ ತಯಾರಾದ ಸುಮಾರು 1300 ಮೂಕಿ ಚಿತ್ರಗಳಲ್ಲಿ ಪೂರ್ತಿಯೋ ತುಣುಕೋ ಉಳಿದದ್ದು ಮೂವತ್ತರ ಆಸುಪಾಸು. ಆ ಕಾಲದ ನೈಟ್ರೇಟ್ ಫಿಲ್ಮಿಗೆ ಬೆಂಕಿ ಬೇಗ ಹತ್ತುತ್ತದೆ, ಇಟ್ಟಲ್ಲೇ ಕೊಳೆಯುತ್ತದೆ. ಅದರಲ್ಲಿನ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಶುರುವಾದದ್ದು 1964ರಲ್ಲಿ. ಅಷ್ಟರಲ್ಲಿ ಹೆಚ್ಚಿನದು ಹೋಗಿಯಾಗಿತ್ತು. ಪ್ರದರ್ಶನದಲ್ಲಿ ಆ ಚಿತ್ರಕ್ಕೆ ಒಂದು ಖಾಲಿ ಚೌಕಟ್ಟು ಇಟ್ಟು ಕಥೆ ಬರೆದು ಹಾಕಬೇಕು. ನಾನಾದರೆ ಹಾಗೆ ಮಾಡುತ್ತೇನೆ.

ವಿಜಯಪುರದಲ್ಲಿ ಇದೇ ಪ್ರದರ್ಶನ ನಡೆದರೆ ಅಮೀರಬಾಯಿ ಕರ್ನಾಟಕಿ ಅವರನ್ನು ಬಿಡುವ ಹಾಗಿಲ್ಲ. ಬೀಳಗಿಯ ಅಮೀರಬಾಯಿ ಮುಂಬಯಿಗೆ ಹೋಗಿ, 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ಗೆ ಹಾಡಿ ದೇಶಕ್ಕೆಲ್ಲ ಗೊತ್ತಾದರು. ವಿಜಯಪುರದ ಅಮೀರ್ ಟಾಕೀಸಿಗೆ ಅವರದೇ ಹೆಸರು. ಆ ಬಾಂಬೆ ಟಾಕೀಸಿನ ಆರಂಭದ ವರ್ಷಗಳಲ್ಲಿ ನಿರ್ದೇಶಕ ಫ್ರಾಂಜ್ ಓಸ್ಟೆನ್, ಕ್ಯಾಮೆರಾ ಜೋಸೆಫ್ ವಿರ್ಶಿಂಗ್. ಇಬ್ಬರೂ ಮ್ಯೂನಿಕ್‌ನ ಮೂಕಿ ಚಿತ್ರಗಳಲ್ಲಿ ಪಳಗಿ ಬಂದವರು. ವಿರ್ಶಿಂಗ್ ತೆಗೆದ ಫೋಟೊಗಳ ಪ್ರದರ್ಶನ 2017ರಲ್ಲಿ ಪಣಜಿಯ ಸೆರೆಂಡಿಪಿಟಿ ಕಲಾ ಉತ್ಸವದಲ್ಲಿ ಆಯಿತು. ಚೋರ್ಲಾ ಘಾಟ್ ಇಳಿದರೆ ಪಣಜಿ. ಅಲ್ಲಿಯವರೆಗೆ ಬಂದದ್ದು ಘಾಟ್ ಹತ್ತಲಿಲ್ಲ, ಏಕೆಂದರೆ ಈ ಕಡೆ ಕರೆಯುವವರೇ ಇರಲಿಲ್ಲ.

ಶಿಲ್ಪದ ವಿಷಯಕ್ಕೆ ಬಂದರೆ ನನ್ನ ವಾದ ಸ್ವಲ್ಪ ಎಡವುತ್ತದೆ. ಶಿಲ್ಪದ ಫೋಟೊ ಎಂದರೆ ಶಿಲ್ಪ ಅಲ್ಲ. ಅದರ ಸುತ್ತ ನಡೆಯಬೇಕು, ಅದರ ಎತ್ತರ ನಮ್ಮ ಎತ್ತರದ ಜೊತೆ ಮಾತಾಡಬೇಕು. ಪ್ರತಿ ಮಾಡುವುದೂ ದುಬಾರಿ. ಆದರೂ ಕಂಚಿನ ಶಿಲ್ಪಗಳನ್ನು ಉಳಿಸಿದ್ದು ಎಷ್ಟೋ ಸಲ ಅಚ್ಚೇ. ಬಾರ್ಲಾಖ್ 1927ರಲ್ಲಿ ಗ್ಯುಸ್ಟ್ರೋ ಎಂಬ ಊರಿನ ಚರ್ಚಿಗೆ, ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ, ತೇಲುವ ದೇವದೂತನ ಶಿಲ್ಪ ಮಾಡಿದ. ಮುಖ ಕೊಲ್ವಿಟ್ಸ್ ಅವರದ್ದೇ. 1937ರಲ್ಲಿ ನಾಜಿ ಆಡಳಿತದಲ್ಲಿ ಅದನ್ನು ಇಳಿಸಿದರು, ಆಮೇಲೆ ಕರಗಿಸಿದರು. ಗೆಳೆಯರು ಗುಟ್ಟಾಗಿ ಇನ್ನೊಂದು ಎರಕ ಹೊಯ್ಯಿಸಿ ಬಚ್ಚಿಟ್ಟರು. ಅದು ಈಗ ಕಲೋನ್ ನಗರದ ಚರ್ಚಿನಲ್ಲಿದೆ. ಅದರಿಂದ ಮತ್ತೊಂದು ಹೊಯ್ದು 1953ರಲ್ಲಿ ಗ್ಯುಸ್ಟ್ರೋಗೆ ವಾಪಸ್ ಕೊಟ್ಟರು. ಹಾಗೆಂದು ಎಲ್ಲ ಪ್ರತಿಯೂ ಒಳ್ಳೆಯದಲ್ಲ. ಸತ್ತ ಮಗನನ್ನು ತೊಡೆಯಲ್ಲಿಟ್ಟುಕೊಂಡ ತಾಯಿಯ ಕೊಲ್ವಿಟ್ಸ್ ಶಿಲ್ಪ ಮೂಲದಲ್ಲಿ 38 ಸೆಂಟಿಮೀಟರ್ ಎತ್ತರ. 1993ರಲ್ಲಿ ಅದನ್ನು ಸುಮಾರು ನಾಲ್ಕು ಪಟ್ಟು ಹಿಗ್ಗಿಸಿ ಬರ್ಲಿನ್ನಿನ ರಾಷ್ಟ್ರೀಯ ಸ್ಮಾರಕದಲ್ಲಿ ಇಟ್ಟಾಗ ದೊಡ್ಡ ವಾಗ್ವಾದವೇ ನಡೆಯಿತು.

ಬೆಳಗಾವಿಯಲ್ಲಿ ಮಾತ್ರ ಇನ್ನೊಂದು ತೊಡಕಿದೆ. ಇಲ್ಲಿ ಶಿಲ್ಪ ಎಂದರೆ ಸರ್ಕಲ್‌ನಲ್ಲಿ ನಿಲ್ಲುವ ಪ್ರತಿಮೆ, ಪ್ರತಿಮೆ ಎಂದರೆ ಹಾರ, ಘೋಷಣೆ, ಪೊಲೀಸ್ ಬಂದೋಬಸ್ತ್. ಯಾರದೂ ಅಲ್ಲದ ಮುಖದ, ಅಥವಾ ಮುಖವೇ ಇಲ್ಲದ ಶಿಲ್ಪವನ್ನು ಸುಮ್ನೆ ನೋಡುವ ಅಭ್ಯಾಸ ತಪ್ಪಿಹೋಗಿದೆ. ‘ಇದೇನು, ತಲೆನೇ ಇಲ್ಲ’ ಅನ್ನುವವರನ್ನು ಬಾದಾಮಿಗೆ ಕರೆದುಕೊಂಡು ಹೋಗಬೇಕು. ಅಲ್ಲಿನ ಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದ ಲಜ್ಜಾಗೌರಿ ಇದ್ದಾಳೆ. ತಲೆಯ ಜಾಗದಲ್ಲಿ ಅರಳಿದ ಕಮಲ. ನಮ್ಮ ಹಿಂದಿನವರಿಗೆ ಅದು ವಿಚಿತ್ರ ಅನ್ನಿಸಲಿಲ್ಲ, ಅಲ್ವಾ? ಹಣದ ಮಾತು ಬಂದರೆ ಶಿಲ್ಪಿ ರಾಮಕಿಂಕರ್ ಬೈಜ್ ಅವರ ಉದಾಹರಣೆ ಇದೆ. 1938ರಲ್ಲಿ ಅವರು ಶಾಂತಿನಿಕೇತನದ ಬಯಲಲ್ಲಿ ಸಂತಾಲ ಕುಟುಂಬವನ್ನು ನಿಲ್ಲಿಸಿದ್ದು ಸಿಮೆಂಟು ಮತ್ತು ಅಲ್ಲಿನ ಕೆಂಪು ಗರಸಿನಲ್ಲಿ. ಬುಟ್ಟಿ, ಮಕ್ಕಳು, ನಾಯಿ ಸಮೇತ ಊರು ಬಿಟ್ಟು ಹೊರಟ ಸಂಸಾರ. ವಿಜಯಪುರ, ಬಾಗಲಕೋಟೆಯಿಂದ ಗೋವಾಕ್ಕೆ ಗುಳೆ ಹೋಗುವವರನ್ನು ಕಂಡ ನಮ್ಮ ಶಿಲ್ಪ ವಿದ್ಯಾರ್ಥಿಗಳು ಅದೇ ಸಾಮಗ್ರಿಯಲ್ಲಿ ಏನು ಮಾಡಬಲ್ಲರು ಎಂದು ನೋಡುವ ಆಸೆ ನನಗಿದೆ.

ಬಾದಾಮಿಯ ಮಾತು ಬಂದಾಗ ಒಬ್ಬರನ್ನು ನೆನೆಯಲೇಬೇಕು. 1922ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್ ಒಂದು ಪ್ರದರ್ಶನ ಮಾಡಿತು. ಜರ್ಮನಿಯ ಬೌಹೌಸ್ ಕಲಾಶಾಲೆಯಿಂದ ಕ್ಲೀ, ಕಾಂಡಿನ್‌ಸ್ಕಿ, ಫೈನಿಂಗರ್, ಇಟ್ಟೆನ್ ಮುಂತಾದವರ ಅಸಲಿ ಕೆಲಸಗಳು ಹಡಗಿನಲ್ಲಿ ಬಂದವು. ಅವನೀಂದ್ರನಾಥ, ಗಗನೇಂದ್ರನಾಥ ಠಾಕೂರರ ಬಳಗದ ಚಿತ್ರಗಳೂ ಅಲ್ಲಿದ್ದವು. ಇದಕ್ಕೆ ಓಡಾಡಿದವರಲ್ಲಿ ಮುಖ್ಯರು ವಿಯೆನ್ನಾದಲ್ಲಿ ಓದಿದ ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್. ಅದೇ ಕ್ರಾಮ್ರಿಶ್ 1936ರಲ್ಲಿ ಅದೇ ಸೊಸೈಟಿಯ ಪತ್ರಿಕೆಯಲ್ಲಿ ಬಾದಾಮಿಯ ಮೂರನೇ ಗುಹೆಯ ಬಣ್ಣದ ಚಿತ್ರಗಳ ಬಗ್ಗೆ ಬರೆದರು. ಕ್ರಿ.ಶ. 578ರ ಶಾಸನ ಇರುವ ಗುಹೆ ಅದು. ಯುರೋಪಿನ ಹೊಸ ಚಿತ್ರಗಳನ್ನು ಕಂಡ ಕಣ್ಣೇ ನಮ್ಮ ಮಾಸಿದ ಬಣ್ಣವನ್ನೂ ಕಂಡಿತು. ಜರ್ಮನಿಯವರು 2013ರಲ್ಲಿ ಡೆಸ್ಸೌದಲ್ಲಿ ಆ ಕಲ್ಕತ್ತಾ ಪ್ರದರ್ಶನವನ್ನು ಮತ್ತೆ ಜೋಡಿಸಿ ತೋರಿಸಿದರು. ಬಾದಾಮಿಗೆ ಬರುವ ಪ್ರವಾಸಿಗೆ ಮಾತ್ರ ಈ ನಂಟಿನ ಬಗ್ಗೆ ಯಾರೂ ಹೇಳುವುದಿಲ್ಲ.

ಹೇಳುವುದು ಎಂದರೆ ಫಲಕ. ನಮ್ಮ ಸಂಗ್ರಹಾಲಯಗಳಲ್ಲಿ ‘ವೀರಗಲ್ಲು, 12ನೇ ಶತಮಾನ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಫಲಕ ಎಷ್ಟು ಕೆಲಸ ಮಾಡಬಲ್ಲದು ಎಂದು ಕೆಟ್ಟ ರೀತಿಯಲ್ಲಿ ತೋರಿಸಿದ್ದು 1937ರ ಮ್ಯೂನಿಕ್. ನಾಜಿಗಳು ಮ್ಯೂಸಿಯಂಗಳಿಂದ ಕಿತ್ತು ತಂದ ಸುಮಾರು 650 ಕೃತಿಗಳನ್ನು ‘ಕೆಟ್ಟುಹೋದ ಕಲೆ’ ಎಂದು ಒತ್ತೊತ್ತಾಗಿ ತೂಗುಹಾಕಿ, ಗೋಡೆಯ ಮೇಲೆ ಗೇಲಿಯ ಮಾತು ಗೀಚಿ, ತೆರಿಗೆ ಹಣದಲ್ಲಿ ಇಷ್ಟು ಕೊಟ್ಟು ಕೊಂಡರು ಎಂದು ಬೆಲೆ ಬರೆದರು. 20 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅವುಗಳಲ್ಲಿ ಉಳಿದ ಎಷ್ಟೋ ಚಿತ್ರಗಳು ಇವತ್ತು ಬೇರೆ ಫಲಕದ ಪಕ್ಕ ಗೌರವದಿಂದ ನಿಂತಿವೆ. ಬನಹಟ್ಟಿಯ ಪ್ರದರ್ಶನಕ್ಕೆ ಫಲಕ ಬರೆಯುವವರು ಮಗ್ಗ ಬಲ್ಲವರಾಗಿರಲಿ. ಕನ್ನಡ ದಪ್ಪಕ್ಷರದಲ್ಲಿ ಮೇಲಿರಲಿ. ಬೆಳಗಾವಿಗೆ ಹೋದಾಗ ಕೆಳಗೆ ಮರಾಠಿ, ವಿಜಯಪುರದಲ್ಲಿ ಉರ್ದು ಸೇರಿಸಿದರೆ ಯಾರ ಗಂಟೂ ಹೋಗುವುದಿಲ್ಲ. ವಡಗಾವಿಯ ಮಗ್ಗಗಳ ಮುಂದೆ ಕನ್ನಡ, ಮರಾಠಿ ಎರಡೂ ಕೇಳುತ್ತವೆ.

ಜಾಗ ಎಲ್ಲಿ ಎಂಬುದಷ್ಟೇ ಉಳಿಯಿತು. ಅಧಿವೇಶನ ಇಲ್ಲದಾಗ ಸುವರ್ಣ ವಿಧಾನಸೌಧ ಕೊಡಲಿ ಎಂದು ಯಾರಾದರೂ ಹೇಳಬಹುದು. ನನಗೆ ಒಪ್ಪಿಗೆ ಇಲ್ಲ. ಊರಾಚೆಯ ಗೇಟು ದಾಟಿ, ಪಾಸು ತೋರಿಸಿ ನೇಕಾರರ ಮನೆಯ ಹೆಂಗಸರು ಬರುವುದಿಲ್ಲ. ನೇಕಾರರ ಸಹಕಾರ ಸಂಘದ ಸಭಾಭವನ, ಹೈಸ್ಕೂಲಿನ ಎರಡು ಕೋಣೆ ಸಾಕು. ಕಿಟಕಿಗೆ ದಪ್ಪ ಬಟ್ಟೆ, ಬಾಗಿಲಿಗೆ ಬೀಗ, ಸಂಜೆ ಮಗ್ಗ ನಿಂತ ಮೇಲೂ ಒಂಬತ್ತರವರೆಗೆ ತೆರೆದಿರಬೇಕು. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 2015ರಿಂದ ಆಚರಣೆ ಇದೆ. ಶಾಲು, ಭಾಷಣಕ್ಕೆ ಹೇಗೂ ದುಡ್ಡು ಖರ್ಚಾಗುತ್ತದೆ, ಅದರಲ್ಲೇ ಬನಹಟ್ಟಿಯಲ್ಲಿ ಶುರುಮಾಡಬಹುದು. ಬೆಳಗಾವಿಗೆ ಮಾತ್ರ ಆಗಸ್ಟ್ ಬೇಡ. ಅಲ್ಲಿ ಆಗ ಜಡಿಮಳೆ, ಕಾಗದ ತೇವ ಹಿಡಿದು ಚೌಕಟ್ಟಿನೊಳಗೇ ಉಬ್ಬುತ್ತದೆ. ಅಲ್ಲಿಗೆ ದೀಪಾವಳಿ ಮುಗಿದ ಮೇಲೆ ಒಯ್ಯುವುದು ಒಳ್ಳೆಯದು.